ಲೇತಿನ ನಾಡಿ ಹಿಡಿದ ಮಾವ

ಯಾರ ಮನೆಗೆ ಹೋದರೂ, ಕುಡಿಯಲೆಂದು ಕೊಟ್ಟ ನೀರನ್ನು ಮಾವ ಕುಡಿಯುತ್ತಿರಲಿಲ್ಲ. ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಿದ್ದೆಹೋದ ಮಗುವನ್ನು ಮಲಗಿಸುವ ಜಾಗ್ರತೆಯಲ್ಲಿ, ಆ ಮನೆಯ ಲೇತಿನ ಮೈಮೇಲೆ ಇಟ್ಟು, ಯಂತ್ರವನ್ನು ಚಾಲೂ ಮಾಡಿಸಿ, ನೀರಿನ ಮೇಲ್ಮೈಯನ್ನೇ ದಿಟ್ಟಿಸುತ್ತ ನಿಂತುಬಿಡುತ್ತಿದ್ದರು. ಉಂಗುರ ಎದ್ದವೋ, ಗೆರೆ ಎದ್ದವೋ, ಒಂದೇ ಬದಿಗೆ ತುಳುಕಿತೋ ಎಂಬುದರಲ್ಲೇ ಅವರಿಗೆ ಅರ್ಧ ಕಾಯಿಲೆ ತಿಳಿದುಹೋಗುತ್ತಿತ್ತು. ಮರದ ತುಂಡನ್ನು ಗಿರಗಿರನೆ ತಿರುಗಿಸಿ, ಉಳಿ ಆನಿಸಿ, ಬಟ್ಟಲನ್ನೋ ಕುರ್ಚಿಯ ಕಾಲನ್ನೋ ಕಡೆಯುವ ಸಣ್ಣ ಲೇತುಗಳು ಆ ಊರಿನಲ್ಲಿ ಹತ್ತಾರಿದ್ದವು. ಅಷ್ಟಕ್ಕೂ ವೈದ್ಯರು ಇವರೊಬ್ಬರೇ.

ದಾರದ ಉರುಳೆ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತುಗಳ ನಡುವೆ ಕಳೆದವರು. ನಡೆಯುವಾಗ ಒಂದು ಹೆಗಲನ್ನು ಮುಂದು ಮಾಡಿ, ಇಕ್ಕಟ್ಟಾದ ಯಂತ್ರಗಳ ಸಾಲಿನಲ್ಲಿ ನುಸುಳುವವರಂತೆ, ವಿಶಾಲವಾದ ರಸ್ತೆಯಲ್ಲೂ ಓರೆಯಾಗಿಯೇ ಸಾಗುತ್ತಿದ್ದರು. ಬೇಸಿಗೆಯಲ್ಲೂ ಮೈಬಿಡದ ಬೂದುಬಣ್ಣದ ಕೋಟಿನ ಜೇಬುಗಳಲ್ಲಿ ಮೇಣದಬತ್ತಿಯ ತುಂಡು, ಇಸ್ಪೀಟಿನ ಹಳೆಯ ಎಲೆಗಳು, ಬೆರಳುದ್ದದ ಒಂದು ಅರ, ಸವೆದ ಹಲ್ಲುಜ್ಜುವ ಬ್ರಶ್ಶು. ಇಷ್ಟೇ ಅವರ ಔಷಧದ ಪೆಟ್ಟಿಗೆ. "ಮೊದಲು ಸುಲಭದ್ದು ನೋಡೋಣ" ಎಂಬುದು ಅವರ ಮಂತ್ರ. ಬಟ್ಟಲು ಕಡೆಯುವ ಹೆಂಗಸೊಬ್ಬಳ ಲೇತಿಗೆ ಮರ ಕಚ್ಚಿಹಿಡಿಯುವ ಹಿಡಿಕೆ ಅಂಟಿಕೊಂಡು ಬಿಚ್ಚಲು ಬಾರದೆ, ಗಂಡಸರು ಮೂವರು ಅದರ ಜೊತೆ ಕುಸ್ತಿಗೆ ಬಿದ್ದಿದ್ದರು. ಮಾವ ಹೋಗಿ, ಸುತ್ತಿಗೆಯ ಮರದ ಹಿಡಿಯಿಂದ ಒಂದೇ ಏಟಿಗೆ ಅದನ್ನು ಬಿಡಿಸಿ, ಎಣ್ಣೆ ಡಬ್ಬದ ಪ್ಲಾಸ್ಟಿಕ್ಕಿನಿಂದ ತೆಳುವಾದ ಬಳೆ ಕತ್ತರಿಸಿ ನಡುವೆ ತೊಡಿಸಿ ಬಂದರು. ಅದು ಮತ್ತೆಂದೂ ಅಂಟಲಿಲ್ಲ.

ಇದನ್ನೆಲ್ಲ ಸೊಸೆ ಬಹಳ ದಿನ ಮುದುಕರ ಹುಚ್ಚೆಂದೇ ತಿಳಿದಿದ್ದಳು. ಶಾಲೆಯಲ್ಲಿ ಗಣಿತ ಕಲಿಸುವ ಅವಳಿಗೆ, ಲೆಕ್ಕಕ್ಕೆ ಸಿಗದ ಜಾಣತನದ ಮೇಲೆ ಅಷ್ಟಾಗಿ ನಂಬಿಕೆ ಇರಲಿಲ್ಲ. ಮಾವನ ಮೊಣಕಾಲು ಊದಿಕೊಂಡ ಒಂದು ಭಾನುವಾರ, ಬೇರೆ ದಾರಿಯಿಲ್ಲದೆ ಅವರನ್ನು ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರವರು ಕುರ್ಚಿ ಮೇಷ್ಟ್ರೆಂದು ಕರೆಯುತ್ತಿದ್ದ ಹಿರಿಯ ಬಡಗಿಯೊಬ್ಬರ ಮನೆಗೆ ಕರೆದೊಯ್ದಳು.

ಮೇಷ್ಟ್ರು ಕಡೆದ ಕುರ್ಚಿಯ ಕಾಲುಗಳ ನುಣುಪನ್ನು ಜನ ಗಾಜಿಗೆ ಹೋಲಿಸುತ್ತಿದ್ದರು. ಮೂರು ತಿಂಗಳಿಂದ ಆ ಕಾಲುಗಳ ಮೇಲೆ ಅಲೆಯಂಥ ಗೆರೆಗಳು ಮೂಡತೊಡಗಿದ್ದವು. ತನಗೇ ವಯಸ್ಸಾಯಿತೆಂದು ತೀರ್ಮಾನಿಸಿ, ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಕಟ್ಟಿ, ಅವರು ಊಟವನ್ನೂ ಅರ್ಧಕ್ಕೇ ಬಿಟ್ಟೇಳುವಂತಾಗಿದ್ದರು. ಅವರಿಗೆ ತಿಳಿಯದಂತೆ ಮಾವನಿಗೆ ಹೇಳಿಕಳಿಸಿದ್ದು ಮೇಷ್ಟ್ರ ಹೆಂಡತಿ.

"ಮಷೀನಿಗೆ ಏನೂ ಆಗಿಲ್ಲ. ಆಗಿರೋದು ನನಗೆ. ಕೈ ಹೋಯ್ತು," ಎಂದರು ಮೇಷ್ಟ್ರು, ಬಾಗಿಲಲ್ಲೇ.

"ಇರಬಹುದು. ಮೊದಲು ಸುಲಭದ್ದು ನೋಡೋಣ."

ಲೋಟದ ನೀರಿನಲ್ಲಿ ಒತ್ತೊತ್ತಾಗಿ ಉಂಗುರಗಳೆದ್ದವು. ಮಾವ ಊದಿದ ಮೊಣಕಾಲನ್ನು ಮರೆತು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದರು. ಲೇತಿನ ಮೇಜಿನ ಒಂದು ಕಾಲು ನೆಲದಿಂದ ಕೂದಲೆಳೆಯಷ್ಟು ಮೇಲಿತ್ತು. ಅಲ್ಲಿಗೆ ಇಸ್ಪೀಟಿನ ಎರಡೆಲೆ ತೂರಿಸಿ, ಕೆಳಗಿನ ಹಲಗೆಯ ಮೇಲೆ ಮರಳಿನ ಚೀಲ ಹೇರಿಸಿದರು. ತಿರುಗುವ ಮರದ ತುದಿಯನ್ನು ಒತ್ತಿಹಿಡಿಯುವ ಭಾಗ ಮೆಲ್ಲಗೆ ಹಿಂದೆ ಜಾರುತ್ತಿತ್ತು. ಅದರಡಿಯ ಅಂಟನ್ನು ಬ್ರಶ್ಶಿನಿಂದ ಉಜ್ಜಿ, ಬೋಲ್ಟನ್ನು ಅರ್ಧ ಸುತ್ತು ಬಿಗಿದರು. ಉಳಿಯನ್ನು ಆನಿಸುವ ಕಬ್ಬಿಣದ ಪಟ್ಟಿಯ ಮೇಲೆ ಬೆರಳಾಡಿಸಿ, ಸಣ್ಣ ಸಣ್ಣ ಗಾಯಗಳನ್ನು ಅರದಿಂದ ಸವರಿ, ಮೇಣ ಉಜ್ಜಿದರು. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಲೋಟದ ನೀರು ಕನ್ನಡಿಯಂತೆ ನಿಂತಿತು.

ಮೇಷ್ಟ್ರು ಉಳಿ ಹಿಡಿದರು. ಗೆರೆಗಳು ಬಹುಪಾಲು ಮಾಯವಾಗಿದ್ದವು; ಆದರೆ ಕಾಲು ಸಣ್ಣದಾಗುವ ಕಡೆ, ತೀರ ತೆಳುವಾಗಿ, ಇನ್ನೂ ಇದ್ದವು. ಮೇಷ್ಟ್ರ ಮುಖ ಮತ್ತೆ ಕಪ್ಪಿಟ್ಟಿತು. ಆ ಕ್ಷಣದಲ್ಲಿ ಮಾವನ ಕಣ್ಣು ಯಂತ್ರದ ಮೇಲಿರದೆ ಮೇಷ್ಟ್ರ ಬಲ ಮಣಿಕಟ್ಟಿನ ಮೇಲೆ ಒಮ್ಮೆ, ಒಂದೇ ಒಮ್ಮೆ, ಹಾದುಹೋದದ್ದನ್ನು ಸೊಸೆ ಕಂಡಳು.

"ಥೂ, ಮೊದಲೇ ಗೊತ್ತಾಗಬೇಕಿತ್ತು," ಎಂದು ಮಾವ ಹಣೆ ಚಚ್ಚಿಕೊಂಡರು. "ಈ ಮಷೀನಿನ ಎತ್ತರಾನೇ ಸರಿಯಿಲ್ಲ. ಇಂಥದ್ದಕ್ಕೆ ಗಿಡ್ಡ ಹಿಡಿ ಒಗ್ಗಲ್ಲ ಮೇಷ್ಟ್ರೇ. ಮೊಳದುದ್ದ ಹಿಡಿ ಬೇಕು, ತೂಕ ಇರಬೇಕು. ಅದರ ತುದೀನ ಸೊಂಟಕ್ಕೆ ಒತ್ತಿಕೊಳ್ಳಿ, ಮೊಣಕೈ ಪಕ್ಕೆಗೆ ಅಂಟಲಿ. ಮಷೀನು ಹಟಮಾರಿ, ನಾವೇ ಹೊಂದ್ಕೋಬೇಕು."

ಮೂಲೆಯಲ್ಲಿದ್ದ ಗಟ್ಟಿಮರದಿಂದ ಮೇಷ್ಟ್ರು ತಾವೇ ಅಂಥ ಹಿಡಿ ಕಡೆದು ಉಳಿಗೆ ಕೂಡಿಸಿದರು. ಬಳಿಕ ಹೊಸ ಕಾಲೊಂದನ್ನು ಹೂಡಿ, ಹಿಡಿಯನ್ನು ಸೊಂಟಕ್ಕೊತ್ತಿ, ಇಡೀ ಮೈಯಿಂದ ಕಡೆಯತೊಡಗಿದಾಗ, ಮರದ ಸಿಪ್ಪೆ ತುಂಡಾಗದ ರಿಬ್ಬನ್ನಿನಂತೆ ಅವರ ಹೆಗಲ ಮೇಲಿಂದ ಹಾರಿಹೋಯಿತು. ಯಂತ್ರ ನಿಂತಿತು. ಮೇಷ್ಟ್ರು ಹೆಬ್ಬೆರಳನ್ನು ಕಾಲಿನ ಉದ್ದಕ್ಕೆ ಮೇಲೆ ಕೆಳಗೆ ಓಡಿಸಿದರು, ಮತ್ತೆ ಓಡಿಸಿದರು. ಒಂದು ಗೆರೆಯೂ ಇರಲಿಲ್ಲ.

"ಮಷೀನೇ ಕಣೇ!" ಎಂದು ಅವರು ಒಳಮನೆಯ ಕಡೆಗೆ ಕೂಗಿದರು. "ನಾನಲ್ಲ, ಮಷೀನು!"

ಹಿಂದಿರುಗುವ ದಾರಿಯಲ್ಲಿ ಸೊಸೆಗೆ ತಡೆಯಲಾಗಲಿಲ್ಲ. "ಮಾವ, ಮನೇಲಿರೋ ನಿಮ್ಮ ಲೇತೂ ಅದೇ ಎತ್ತರ ಅಲ್ವಾ?"

"ಹ್ಞೂಂ."

"ನಿಮ್ಮ ಉಳಿಗಳಿಗೆಲ್ಲ ಗಿಡ್ಡ ಹಿಡೀನೇ ಇದೆ."

"ರಸ್ತೆ ನೋಡಿಕೊಂಡು ಓಡಿಸಮ್ಮ," ಎಂದರು ಮಾವ ಹಿಂದಿನಿಂದ.

ಅವಳು ರಸ್ತೆ ನೋಡಿದಳು, ಕಣ್ಣು ಮಂಜಾಗಿತ್ತು. ಮೇಷ್ಟ್ರ ಕೈ ನಡುಗುತ್ತಿದ್ದದ್ದು ನಿಜ. ಕೈಯ ನಡುಕವನ್ನು ಉದ್ದ ಹಿಡಿ ನುಂಗಿತು, ಉಳಿದದ್ದನ್ನು ಸೊಂಟ ತಡೆಯಿತು. ಹೀಗೆ ಮಾವ ಆ ಬೆಳಗ್ಗೆ ಎರಡು ಕಾಯಿಲೆಗೆ ಮದ್ದು ಮಾಡಿ, ಒಂದರ ಹೆಸರನ್ನು ಮಾತ್ರ ಹೇಳಿ ಬಂದಿದ್ದರು. ಕುರ್ಚಿ ಮೇಷ್ಟ್ರು ಮುಂದೆ ಆರು ವರ್ಷ ದುಡಿದರು. ಆ ಹಟಮಾರಿ ಯಂತ್ರ ತನ್ನನ್ನು ಹೇಗೆ ಹೆದರಿಸಿತ್ತೆಂದು ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದರು. ಮಾವ ಎದುರಿಗಿದ್ದರೆ, "ಹೌದೌದು, ಬಲು ಕೆಟ್ಟ ಮಷೀನು," ಎಂದು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಕೆಟ್ಟದ್ದನ್ನು ರಿಪೇರಿ ಮಾಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ದೋಷ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದಾಗಲೇ ತಮ್ಮ ವಿದ್ಯೆ ಸಾರ್ಥಕವೆಂದು ಅವರ ಭಾವನೆ. ಅಪರೂಪಕ್ಕೆ ಹುಟ್ಟುವ ಇನ್ನೊಂದು ಜಾತಿಯವರು ದೋಷವನ್ನು ಅಷ್ಟೇ ಸ್ಪಷ್ಟವಾಗಿ ಕಾಣುತ್ತಾರೆ. ಕಂಡು, ಅದನ್ನು ಸುಮ್ಮನೆ ಎತ್ತಿ, ನೋವೇ ತಿಳಿಯದ ಕಬ್ಬಿಣದ ಹೆಗಲಿಗೆ ಹೊರಿಸಿ, ಮನುಷ್ಯನನ್ನು ಹಗುರ ಮಾಡಿ ಹೋಗುತ್ತಾರೆ.