ಸೂತಕದ ಗಂಟು ಬಿಚ್ಚಿ ಬಂದ ಒಂಬತ್ತು ಮತ

ಚುನಾವಣೆಗೆ ಮುಂಚೆ ಹಲಗೆಯ ಮೇಲೆ ಮತದಾರರ ಪಟ್ಟಿ ಅಂಟಿಸುತ್ತಾರಲ್ಲ, ಅದನ್ನು ಯಾರು ಓದುತ್ತಾರೆ ಹೇಳಿ. ನಾನೂ ಓದುತ್ತಿರಲಿಲ್ಲ. ನನ್ನ ಹೆಸರಿದೆಯಲ್ಲ, ಸಾಕು ಎಂದು ತಿರುಗಿ ಬಂದುಬಿಡುತ್ತಿದ್ದೆ. ನನ್ನ ಹೆಸರಿನ ಹಿಂದೆ ಮುಂದೆ ಯಾರಿದ್ದಾರೆ, ಅವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡುವ ವ್ಯವಧಾನ ಯಾರಿಗಿತ್ತು? ಆ ಅಸಡ್ಡೆಗೆ ನಾವು ಪಟ್ಟ ಪಾಡು ಇಷ್ಟಿಷ್ಟಲ್ಲ.

ನನ್ನ ಹೆಸರು ಮಿಂಡು. ಸರವಾಕ್ ರಾಜ್ಯದ ಒಳನಾಡಿನಲ್ಲಿ, ನದಿ ದಂಡೆಯ ಮೇಲೆ, ಇಬಾನ್ ಬುಡಕಟ್ಟಿನವರ ಉದ್ದಮನೆ ನಮ್ಮದು. ಒಂದೇ ಸೂರು, ಇಪ್ಪತ್ತೆರಡು ಬಾಗಿಲು, ಬಾಗಿಲಿಗೊಂದು ಸಂಸಾರ. ನನಗೆ ಬಾಯಿ ಜಾಸ್ತಿ ಎಂದು ನದಿಯುದ್ದಕ್ಕೂ ಹೆಸರು. ಅದಕ್ಕೇ ಲಿಬಾವಣ್ಣ ನನ್ನನ್ನು ತನ್ನ ಏಜೆಂಟಾಗಿ ಮತಗಟ್ಟೆಯಲ್ಲಿ ಕೂರಿಸಿದ್ದು.

ಲಿಬಾವಣ್ಣ ಮೊದಲು ದೋಣಿ ಓಡಿಸುತ್ತಿದ್ದವನು. ಯಾವ ಪಕ್ಷವೂ ಅವನನ್ನು ಕರೆಯಲಿಲ್ಲ, ಅವನೂ ಯಾರ ಬಾಗಿಲಿಗೂ ಹೋಗಲಿಲ್ಲ. ಪಕ್ಷೇತರನಾಗಿ ವಿಧಾನಸಭೆಗೆ ನಿಂತ. ಮೊದಲ ಸಲ ಮರದ ಗುರುತು ಸಿಕ್ಕಿತು, ಠೇವಣಿ ಹೋಯಿತು. ಮರ ಹತ್ತಿದವನು ದೊಪ್ಪನೆ ಬಿದ್ದ ಎಂದು ಊರವರೆಲ್ಲ ನಕ್ಕರು. ಎರಡನೇ ಸಲ ಬೀಗದ ಕೈಯ ಗುರುತು. ಕೊರಳಿಗೆ ದೊಡ್ಡ ಬೀಗದ ಕೈ ಕಟ್ಟಿಕೊಂಡು ಒಂದೊಂದು ಉದ್ದಮನೆಯ ಮೆಟ್ಟಿಲನ್ನೂ ಹತ್ತಿ ಇಳಿದ. ಐವತ್ತೆಂಟು ಮತದಲ್ಲಿ ಗೆದ್ದ. ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಒಬ್ಬನೇ ಕೂತಿರುತ್ತಿದ್ದನಂತೆ. ಆಳುವವರೂ ಮಾತಾಡಿಸರು, ಎದುರಿನವರೂ ಮಾತಾಡಿಸರು.

ಆದರೆ ಆ ಒಂಟಿ ಮನುಷ್ಯ ಒಂದು ಕೆಲಸ ಮಾಡಿದ. ನದಿಯ ತಿರುವಿನಲ್ಲಿ ನಮ್ಮ ಮಸಣವಿದೆ. ಅಪ್ಪ, ಅಜ್ಜ, ಅವರಜ್ಜ ಎಲ್ಲ ಮಲಗಿರುವ ಜಾಗ. ತಾಳೆತೋಟದ ಕಂಪನಿಯೊಂದಕ್ಕೆ ಅದರ ಮೇಲೆ ಕಣ್ಣು ಬಿದ್ದಿತ್ತು. ಪ್ರತಿ ಅಧಿವೇಶನದಲ್ಲೂ ಲಿಬಾವಣ್ಣ ಎದ್ದು ನಿಂತು, ಈ ನೆಲ ಕೊಟ್ಟ ಕಾಗದ ಎಲ್ಲಿ, ತೋರಿಸಿ ಎಂದು ಕೇಳಿದ. ಕಾಗದ ಇರಲಿಲ್ಲ, ಕೆಲಸ ನಿಂತಿತು. ಹಾಗಾಗಿ ಮೂರನೆಯ ಚುನಾವಣೆಯ ಲೆಕ್ಕ ನಮಗೆ ಸುಲಭವಾಗಿತ್ತು. ಅವನು ಗೆದ್ದರೆ ಮಸಣ ಉಳಿಯುತ್ತದೆ, ಸೋತರೆ ಬುಲ್ಡೋಜರ್ ಬರುತ್ತದೆ.

ಆ ಚುನಾವಣೆಗೆ ಏಳು ತಿಂಗಳ ಮುಂಚೆ ನನ್ನ ಅಮ್ಮ ತೀರಿಕೊಂಡಳು. ನಮ್ಮಲ್ಲಿ ಸತ್ತವರ ಬಟ್ಟೆಬರೆಯನ್ನು ಒಂದು ಗಂಟು ಕಟ್ಟಿ ಅಟ್ಟದಲ್ಲಿ ತೂಗುಹಾಕುತ್ತೇವೆ. ಸೂತಕ ಬಿಚ್ಚುವ ದಿನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ನಮ್ಮ ಉದ್ದಮನೆಯಲ್ಲಿ ಅಲ್ಲಿಯವರೆಗೆ ಸತ್ತವರ ಹೆಸರನ್ನೂ ಎತ್ತುವುದಿಲ್ಲ. ಎತ್ತಿದರೆ ಕರೆದ ಹಾಗೆ, ಅವರು ಬಂದುಬಿಡುತ್ತಾರೆ. ಅಮ್ಮನ ಟೋಪಿ, ಕೆಂಪು ರವಿಕೆ, ಎಲೆಯಡಿಕೆ ಡಬ್ಬಿ, ಅದರ ಜೊತೆಗೇ ಅವಳ ಗುರುತಿನ ಚೀಟಿ, ಎಲ್ಲವನ್ನೂ ನನ್ನ ದೊಡ್ಡಮ್ಮ ಲೆಮೊಕ್ ತನ್ನ ಕೈಯಾರೆ ಕಟ್ಟಿಟ್ಟಳು.

ಆಸ್ಪತ್ರೆ ದೋಣಿಯಲ್ಲಿ ಬರುವ ನರ್ಸ್ ಸಿಯಾ ಆಗಲೇ ಎಚ್ಚರಿಸಿದ್ದಳು. ಸಾವನ್ನು ಕಚೇರಿಯಲ್ಲಿ ಬರೆಸಿ, ಚೀಟಿ ಒಪ್ಪಿಸಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರು ಹಾಗೇ ಉಳಿಯುತ್ತದೆ ಎಂದಿದ್ದಳು. ಸೂತಕ ಬಿಚ್ಚಲಿ, ಆಮೇಲೆ ನೋಡೋಣ ಎಂದು ದೊಡ್ಡಮ್ಮ ಅವಳ ಮಾತನ್ನು ತಳ್ಳಿಹಾಕಿದಳು. ನಾವೂ ತಲೆಯಾಡಿಸಿದೆವು. ಸೂತಕ ಬಿಚ್ಚುವುದೆಂದರೆ ಊರಿಗೆಲ್ಲ ಊಟ. ನಾಲ್ಕಾರು ಮನೆಯವರು ಸೇರಿ ಒಟ್ಟಿಗೆ ಮಾಡುವುದು ರೂಢಿ, ವರ್ಷ ಎರಡು ವರ್ಷ ಹಿಡಿಯುತ್ತದೆ. ಆಗ ಆರು ಬಾಗಿಲುಗಳ ಅಟ್ಟದಲ್ಲಿ ಒಟ್ಟು ಒಂಬತ್ತು ಗಂಟುಗಳು ತೂಗುತ್ತಿದ್ದವು.

ಮತದಾನದ ದಿನ, ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಶಾಲೆಯ ಕೋಣೆ. ಹೊರಗೆ ಬಿಸಿಲು, ಮಕ್ಕಳ ಗಲಾಟೆ. ನಮ್ಮ ಮತಗಟ್ಟೆಯಲ್ಲಿ ಗುಮಾಸ್ತ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದುತ್ತಾನೆ, ಏಜೆಂಟರು ತಮ್ಮ ಹಾಳೆಯಲ್ಲಿ ಗೆರೆ ಎಳೆದುಕೊಳ್ಳುತ್ತಾರೆ. ನಾನು ಗೆರೆ ಎಳೆಯುತ್ತಾ ಕೂತಿದ್ದೆ. ಆಗ ಅವನು ಓದಿದ.

"ದಿಮಾ ಅನಾಕ್ ಉಗಾಪ್."

ಏಳು ತಿಂಗಳಿಂದ ಯಾರ ಬಾಯಲ್ಲೂ ಬರದ ಹೆಸರು. ನನ್ನ ಅಮ್ಮನ ಹೆಸರು. ತಲೆಯೆತ್ತಿದರೆ ಎದುರಿಗೇ ನಿಂತಿದ್ದಾಳೆ. ಅಮ್ಮನದೇ ಎತ್ತರ. ಅಮ್ಮ ತಾನೇ ಹೆಣೆದುಕೊಂಡಿದ್ದ ಟೋಪಿ, ಹುಬ್ಬಿನವರೆಗೆ ಇಳಿದಿದೆ. ಎರಡನೇ ಗುಂಡಿ ಕಿತ್ತುಹೋದ ಆ ಕೆಂಪು ರವಿಕೆ. ಅವಳು ಹತ್ತಿರ ಬಂದಾಗ ಅಮ್ಮನ ಹೊಗೆಸೊಪ್ಪಿನ ವಾಸನೆಯೂ ಬಂತು.

ಗುಮಾಸ್ತ ಚೀಟಿ ನೋಡಿದ, ಮುಖ ನೋಡಿದ, ತಲೆಯಾಡಿಸಿದ. ಅವಳು ಬೆರಳು ಚಾಚಿದಳು, ಶಾಯಿ ಹಚ್ಚಿದರು. ಮತಪತ್ರ ತೆಗೆದುಕೊಂಡು ಮರೆಗೆ ಹೋದಳು. ಮಡಚಿ ತಂದು ಪೆಟ್ಟಿಗೆಗೆ ಹಾಕಿದಳು. ನನ್ನ ಪಕ್ಕದಲ್ಲೇ ಹಾದು ಹೋದಳು, ನನ್ನ ಕಡೆ ತಿರುಗಲಿಲ್ಲ.

ತಡೆಯುವ ಹಕ್ಕು ನನಗಿತ್ತು. ಕೈ ಎತ್ತಿ, ಈ ಹೆಸರಿನವಳು ಸತ್ತಿದ್ದಾಳೆ ಎಂದರೆ ಆಗಿತ್ತು. ಅನ್ನಬೇಕಾದರೆ ಹೆಸರು ಹೇಳಬೇಕಲ್ಲ. ಅಷ್ಟು ದೊಡ್ಡ ಬಾಯಿಯವಳು ಆ ಹೆಸರಿನ ಮೇಲೂ ಸುಮ್ಮನೆ ಗೆರೆ ಎಳೆದೆ. ಸಂಜೆಯೊಳಗೆ ನಮ್ಮ ಉದ್ದಮನೆಯ ಇನ್ನೂ ಎಂಟು ಸತ್ತವರ ಹೆಸರು ಕೂಗಿದರು. ಎಂಟೂ ಹೆಸರಿಗೆ ಯಾರೋ ಎದ್ದು ಬಂದರು. ನಾನು ಗೆರೆ ಎಳೆಯುತ್ತಲೇ ಇದ್ದೆ. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಲಿಬಾವಣ್ಣ ಏಳು ಮತದಲ್ಲಿ ಸೋತ. ವಾರ ಕಳೆಯುವುದರೊಳಗೆ ಮಸಣದ ತುಂಬ ಕೆಂಪು ಪಟ್ಟಿ ಕಟ್ಟಿದ ಅಳತೆಯ ಗೂಟಗಳು ಎದ್ದವು. ಒಂದನ್ನು ಅಮ್ಮನ ತಲೆಯ ಹತ್ತಿರವೇ ನೆಟ್ಟಿದ್ದರು.

ಆ ದಿನ ನಾನು ದೊಡ್ಡಮ್ಮನ ಹತ್ತಿರ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹೆಣೆಯುತ್ತಿದ್ದ ಚಾಪೆಯನ್ನು ಪಕ್ಕಕ್ಕಿಟ್ಟು ಕೇಳಿದಳು:

"ಸೊರಗಿದ್ಲೇನೇ?"

ನಡಿಗೆ ನೆಟ್ಟಗಿತ್ತಾ, ಕೆಮ್ಮುತ್ತಿದ್ದಳಾ, ಹೊಟ್ಟೆಗೆ ತಿಂದ ಹಾಗೆ ಕಂಡಳಾ ಎಂದು ಒಂದೊಂದನ್ನೇ ಕೇಳಿದಳು. ಅವಳ ಮುಖ ಅರಳಿತ್ತು. ರಾತ್ರಿ ಅಡುಗೆಗೆ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕಿದಳು. ನನಗೆ ಮತಗಟ್ಟೆಯಲ್ಲಿ ಆದದ್ದಕ್ಕಿಂತ ಹೆಚ್ಚು ಭಯ ಆಗ ಆಯಿತು.

ಎರಡು ದಿನ ಬಿಟ್ಟು ಲಿಬಾವಣ್ಣ, ಸಿಯಾ ಇಬ್ಬರೂ ಬಂದರು. ನ್ಯಾಯಾಲಯಕ್ಕೆ ಹೋಗಲು ಇಪ್ಪತ್ತೊಂದು ದಿನ ಗಡುವು. ಗಂಟು ಬಿಚ್ಚಿ ಚೀಟಿ ಇದೆಯೋ ಇಲ್ಲವೋ ನೋಡಬೇಕು, ರಕ್ತಸಂಬಂಧಿಯೊಬ್ಬರು ಹೆಸರು ಹೇಳಿ ಸಾಕ್ಷಿ ನುಡಿಯಬೇಕು ಎಂದು ಸಿಯಾ ತಿಳಿಸಿದಳು. ಲಿಬಾವಣ್ಣ ಒತ್ತಾಯ ಮಾಡಲಿಲ್ಲ. ಕುರ್ಚಿ ಹೋದರೆ ನನಗೆ ದೋಣಿ ಇದೆ, ಮಸಣ ಹೋದರೆ ನಿಮಗೆ ಏನಿದೆ ಎಂದಷ್ಟೇ ಕೇಳಿದ.

ದೊಡ್ಡಮ್ಮ ಒಪ್ಪಲಿಲ್ಲ. "ಪಟ್ಟೀಲಿ ಹೆಸ್ರು ಹೊಡೆದಾಕಿದ್ರೆ ಅವ್ಳು ಇನ್ನು ಬರೋದೇ ಇಲ್ಲ. ಐದು ವರ್ಷಕ್ಕೊಂದ್ಸಲನಾದ್ರೂ ಬರ್ಲಿ ಬಿಡ್ರಪ್ಪಾ" ಎಂದಳು.

ಸಿಯಾ ನನ್ನ ಕಡೆ ತಿರುಗಿದಳು.

"ಮಿಂಡು, ಶಾಯಿ ಎಲ್ಲಿಗೆ ಹಚ್ಚಿದ್ರು?"

"ಎಲ್ಲರಿಗೂ ಹಚ್ಚೋ ಹಾಗೇ. ಎಡಗೈ ತೋರುಬೆರಳಿಗೆ."

ಹೇಳುತ್ತಲೇ ನನಗೆ ಹೊಳೆಯಿತು. ಹನ್ನೊಂದು ವರ್ಷದ ಹಿಂದೆ ತಾಳೆಯ ತಿರುಳು ಕಡಿಯುವಾಗ ಅಮ್ಮನ ಎಡಗೈ ತೋರುಬೆರಳು ಬುಡಸಮೇತ ಹೋಗಿತ್ತು. ಪಟ್ಟಿ ಕಟ್ಟಿದವಳೇ ಈ ಸಿಯಾ. ಮತಗಟ್ಟೆಯಲ್ಲಿ ನಾನು ಟೋಪಿ ನೋಡಿದೆ, ರವಿಕೆ ನೋಡಿದೆ, ಚಾಚಿದ ಆ ಪೂರಾ ಬೆರಳನ್ನೂ ನೋಡಿದೆ. ಹೆದರಿದವರಿಗೆ ಕಣ್ಣೆದುರಿನದೂ ತಲೆಗೆ ಹತ್ತುವುದಿಲ್ಲ.

ದೊಡ್ಡಮ್ಮ ತನ್ನ ಎಡಗೈ ತೋರುಬೆರಳನ್ನು ನೋಡಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾದ್ರೆ ನನ್ ತಂಗಿ ಬಟ್ಟೆ ಹಾಕ್ಕೊಂಡು ಬಂದವ್ಳು ಯಾರೇ?"

ಅವಳೇ ಏಣಿ ಹತ್ತಿದಳು. ಗಂಟು ಅಟ್ಟದಲ್ಲಿ ತೂಗುತ್ತಲೇ ಇತ್ತು, ಅಷ್ಟೇ ದಪ್ಪ. ಆದರೆ ಗಂಟಿನ ಕಟ್ಟು ಅವಳು ಹಾಕಿದ್ದಲ್ಲ. ಬಿಚ್ಚಿದರೆ ಒಳಗೆ ಹರಿದ ಗೋಣಿಚೀಲ. ಉಳಿದ ಮನೆಯವರೂ ಬಿಚ್ಚಿ ನೋಡಿದರು. ಒಂಬತ್ತರಲ್ಲೂ ಗೋಣಿಚೀಲವೇ.

ಆಗ ನೆನಪಾಯಿತು. ಚುನಾವಣೆಗೆ ಎರಡು ತಿಂಗಳ ಮುಂಚೆ ಲಿಬಾವಣ್ಣನ ಎದುರಾಳಿಯ ಕಡೆಯವರು ಬಿಟ್ಟಿಯಾಗಿ ತಗಡಿನ ಸೂರು ಹೊದಿಸಿಕೊಟ್ಟಿದ್ದರು. ಮೂರು ದಿನ ಅವರು ನಮ್ಮ ಅಟ್ಟದಲ್ಲೇ ಇದ್ದರು. ಸೂತಕದ ಗಂಟನ್ನು ಮನೆಯವರು ಯಾರೂ ಮುಟ್ಟುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅವರಿಗೆ ಅನ್ನ ಬಡಿಸಿ, ಅಕ್ಕಿಹೆಂಡ ಕೊಟ್ಟು, ಏಣಿ ಹಿಡಿದವರು ನಾವೇ.

ನ್ಯಾಯಾಲಯದಲ್ಲಿ ಹೆಸರು ಹೇಳಬೇಕಲ್ಲ, ಇದ್ದುದರಲ್ಲೇ ಒಂದು ಹಂದಿ ಕಡಿದು ಒಂಬತ್ತೂ ಜನರ ಸೂತಕ ಬಿಚ್ಚಿದೆವು. ಹಂದಿ ಚಿಕ್ಕದಾಯಿತು, ಆದರೂ ತಂಗಿ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದಳು ದೊಡ್ಡಮ್ಮ. ಹತ್ತೊಂಬತ್ತನೆಯ ದಿನ ಅರ್ಜಿ ಹೋಯಿತು.

ವಿಚಾರಣೆಯ ದಿನ ಎದುರಾಳಿಯ ವಕೀಲ, ಮತ ಹಾಕಿದವಳು ಸತ್ತಿದ್ದಾಳೆ ಎನ್ನುವುದಕ್ಕೆ ಕಚೇರಿಯ ಕಾಗದ ಎಲ್ಲಿ ಎಂದು ಕೇಳಿದ. ಕಾಗದ ಇರಲಿಲ್ಲ. ದೊಡ್ಡಮ್ಮ ಎದ್ದು ನಿಂತಳು.

"ಅವ್ಳು ದಿಮಾ. ಉಗಾಪನ ಮಗಳು, ನನ್ನ ತಂಗಿ. ಸತ್ತೋದ್ಲು. ಅವಳ ಮುಖ ತೊಳೆದವ್ಳು ನಾನು, ಮಣ್ಣು ಹಾಕಿದವ್ಳು ನಾನು. ಅವ್ಳು ಯಾರಿಗೂ ಓಟು ಹಾಕಿಲ್ಲ, ಸ್ವಾಮಿ."

ಉಳಿದ ಎಂಟು ಜನರ ಮನೆಯವರೂ ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳಿದರು. ಆ ಚುನಾವಣೆ ರದ್ದಾಯಿತು. ಮರುಚುನಾವಣೆಯಲ್ಲಿ ಲಿಬಾವಣ್ಣ ಇನ್ನೂರಮೂರು ಮತದಲ್ಲಿ ಗೆದ್ದ. ಗೂಟಗಳನ್ನು ನೆಟ್ಟವರೇ ಬಂದು ಕಿತ್ತುಕೊಂಡು ಹೋದರು.

ಆ ಹೆಂಗಸು ಯಾರೆಂದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಪೇಟೆಯಲ್ಲಿ ಯಾರಾದರೂ ಕೆಂಪು ರವಿಕೆ ತೊಟ್ಟು ಎದುರು ಬಂದರೆ ನನ್ನ ಕಣ್ಣು ತಾನಾಗಿ ಎರಡನೇ ಗುಂಡಿಗೆ ಹೋಗುತ್ತದೆ. ಅವಳು ಈಗಲೂ ಎಲ್ಲೋ ಅಮ್ಮನ ಬಟ್ಟೆಯಲ್ಲಿ ಓಡಾಡುತ್ತಿರಬೇಕು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಳಿ, ನಿಮ್ಮ ಪದ್ಧತಿಯಂತೆ ಎಲ್ಲವನ್ನೂ ಮಾಡಿ. ಅದರ ನಡುವೆಯೇ ಕಚೇರಿಗೆ ಹೋಗಿ ಸಾವನ್ನು ಬರೆಸಿ, ಸತ್ತವರ ಗುರುತಿನ ಚೀಟಿಯನ್ನು ಏನು ಮಾಡಬೇಕೆಂದು ಅಲ್ಲೇ ಕೇಳಿ. ಮನೆಯಲ್ಲಿ ಸುಮ್ಮನೆ ಕಟ್ಟಿಡಬೇಡಿ. ಮತದಾರರ ಪಟ್ಟಿ ಅಂಟಿಸಿದಾಗ ನಿಮ್ಮ ಹೆಸರು ಸಿಕ್ಕಿತೆಂದು ತಿರುಗಿ ಬರಬೇಡಿ, ಬೆರಳಿಟ್ಟು ಕೊನೆಯ ಸಾಲಿನವರೆಗೆ ಓದಿ. ಸತ್ತವರ ಹೆಸರು ಕಂಡರೆ ಅಂದೇ ಬರೆದುಕೊಟ್ಟು ತೆಗೆಸಿ. ಸೂತಕ ಕಳೆಯಲಿ ಎಂದು ಕಾಯಬೇಡಿ. ಕಾದರೆ, ಮುಂದಿನ ಚುನಾವಣೆಯಲ್ಲಿ ನಿಮ್ಮ ಅಮ್ಮ ಯಾರಿಗೆ ಮತ ಹಾಕಿದಳು ಎಂಬುದು ನಿಮಗೆ ಗೊತ್ತಾಗುವುದಿಲ್ಲ.