ಹಡಗಿನೊಳಗಿನ ಅಡಿಗೆಯವನು

ಗಂಜಾಮಿನಲ್ಲಿ ಮರದ ಗೊಂಬೆ ಕೆತ್ತುವ ಮುಸವ್ವಿರ್ ಹುಟ್ಟಿದಾಗಿನಿಂದ ಕಾವೇರಿ ಬಿಟ್ಟು ಬೇರೆ ನೀರು ಕಂಡವನಲ್ಲ. ಅಂಥವನ ಪಾಲಿಗೆ ಐವತ್ತು ಯುದ್ಧನೌಕೆ ಕಟ್ಟುವ ಕೆಲಸ ಬಂದದ್ದು ತೊಂಬತ್ತಾರರ ಮಳೆಗಾಲದಲ್ಲಿ. ಐವತ್ತೂ ಒಂದೇ ಹಡಗಿನ ಮಾದರಿ, ಎಪ್ಪತ್ತೊಂದರ ಯುದ್ಧದಲ್ಲಿ ಮುಳುಗಿದ್ದು. ಅದರ ಕ್ಯಾಪ್ಟನ್ ತನ್ನ ಲೈಫ್ ಜಾಕೆಟ್ಟನ್ನು ಕೈಕೆಳಗಿನ ನಾವಿಕನೊಬ್ಬನಿಗೆ ತೊಡಿಸಿ, ತಾನು ಹಡಗಿನ ಜೊತೆಗೇ ಇಳಿದುಹೋಗಿದ್ದ. ಇಪ್ಪತ್ತೈದು ವರ್ಷದ ನೆನಪಿಗೆ ಮೈಸೂರಿನ ಮಾಜಿ ನಾವಿಕರ ಸಂಘದವರು ಬೀಟೆ ಮರದಲ್ಲಿ ಮೊಳದುದ್ದದ ಪ್ರತಿಕೃತಿಗಳನ್ನು ಮಾಡಿಸುತ್ತಿದ್ದರು. ಮೇಲೆ ಕಟಕಟೆ ಹಿಡಿದು ನಿಂತ ಕ್ಯಾಪ್ಟನ್ ಒಬ್ಬನೇ. ಅಡಿಯಲ್ಲಿ ಒಂದರಿಂದ ಐವತ್ತರವರೆಗೆ ನಂಬರು. ನಕ್ಷೆಯಲ್ಲಿಲ್ಲದ ಒಂದು ಮೊಳೆ ಇದ್ದರೂ ಇಡೀ ಸರಕು ವಾಪಸ್ಸು ಎಂದು ಸಂಘದ ಕಾರ್ಯದರ್ಶಿ, ನಿವೃತ್ತ ಕಮಾಂಡರ್ ಸಾಹೇಬರು, ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು.

ಕೆಲಸ ಹಿಡಿದ ಮೇಲೆ ಮುಸವ್ವಿರನಿಗೆ ಹಾಡಹಗಲೇ ಕನಸು ಬೀಳತೊಡಗಿತು. ಉಳಿ ಹಿಡಿದು ಕೂತರೆ ಅಂಗಡಿಯ ಹಿಂದಿನ ನದಿಯ ಸದ್ದು ಹಿಗ್ಗಿ ಹಿಗ್ಗಿ, ನೆಲವೇ ಓಲಾಡಿದಂತಾಗುತ್ತಿತ್ತು. ಮರದ ಹೊಟ್ಟು ನೊರೆಯಾಗಿ ಕಾಲು ಮುಚ್ಚುತ್ತಿತ್ತು. ನಿಜವಾದ ಸಮುದ್ರ ಹೇಗಿರುತ್ತದೋ ಏನೋ, ಕನಸು ಕಾಣಲು ಯಾರ ಅಪ್ಪಣೆ ಬೇಕು!

ಅಂಥದೊಂದು ಮಧ್ಯಾಹ್ನ ಕಿಕ್ಕೇರಿಯ ಬೆಟ್ಟಮ್ಮ ಬಂದಳು. ಐವತ್ತರ ಹೆಂಗಸು. ನೆನಪಿನ ಸಭೆಗೆ ಸಂಘದಿಂದ ಬಂದ ಆಹ್ವಾನದ ಕಾಗದವನ್ನು ಯಾರಿಂದಲೋ ಓದಿಸಿ, ಹಡಗು ಗಂಜಾಮಿನಲ್ಲಿ ತಯಾರಾಗುತ್ತಿದೆ ಎಂದು ತಿಳಿದು ಬಸ್ಸು ಹತ್ತಿದ್ದಳು. ಅರ್ಧ ಮುಗಿದ ಹಡಗನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಮ್ಮೆಜಮಾನ್ರು ಎಲ್ಲವ್ರೆ ಸಾಬ್ರೆ?"

"ಯಾರಕ್ಕ ಅವ್ರು?"

ಗಂಡನ ಹೆಸರನ್ನು ಬಾಯಿಂದ ಆಡುವ ಪೈಕಿಯಲ್ಲ ಅವಳು. ಸೆರಗಿನ ಗಂಟಿನಿಂದ ಹಳೆಯ ಕಾಗದವೊಂದನ್ನು ಬಿಚ್ಚಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ತಮ್ಮಯ್ಯ. ಆ ಹಡಗಿನ ಅಡಿಗೆಯವನು. 'ಸಮುದ್ರ ಅಂದರೆ ಆಚೆ ದಡವೇ ಇಲ್ಲದ ಕೆ.ಆರ್.ಎಸ್. ಕಣೇ' ಎಂದು ಹೆಂಡತಿಗೆ ಬರೆದಿದ್ದ.

"ಕ್ಯಾಪ್ಟನ್ನು ದೊಡ್ಡೋರು, ಇರ್ಲಿ. ಅವ್ರಿಗೂ ಒತ್ತೊತ್ಗೆ ಊಟ ಇಕ್ದೋರು ಇವ್ರೇ ಅಲ್ವಾ? ದೇಹಾನೂ ಬರ್ನಿಲ್ಲ ನಂಗೆ. ಒಂದ್ರಲ್ಲಾದ್ರೂ, ಒಂದ್ ಮೂಲೇಲಿ ಕುಂಡ್ರುಸಿ ಸಾಬ್ರೆ."

"ಆಗಾಕಿಲ್ಲ ಅಕ್ಕ. ಒಂದ್ ಮೊಳೆ ಎಚ್ಚಾದ್ರೂ ಎಲ್ಲಾ ವಾಪಸ್ಸು ಅಂದ್ಬುಟ್ಟವ್ರೆ."

ಅವಳು ಕಾಗದ ಮಡಚಿ ಸೆರಗಿಗೆ ಗಂಟು ಹಾಕಿ ಹೊರಟಳು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ಕನಸಿನ ಹಡಗಿನಲ್ಲಿ ಒಗ್ಗರಣೆಯ ವಾಸನೆ ಏಳತೊಡಗಿತು. ನೀರಿನ ತಳದಲ್ಲೆಲ್ಲೋ ಸಾಸಿವೆ ಸಿಡಿಯುತ್ತಿತ್ತು. ಯಾರೋ ಸೌಟು ಹಿಡಿದು "ಊಟಕ್ಕೆ ಬನ್ರಪ್ಪೋ" ಎಂದು ಕೂಗುತ್ತಿದ್ದರು, ಯಾರೂ ಹೋಗುತ್ತಿರಲಿಲ್ಲ. ಮುಸವ್ವಿರನಿಗೆ ತಡೆಯಲಾಗಲಿಲ್ಲ. ಬೆರಳಿನ ಗೆಣ್ಣಿನಷ್ಟು ಮನುಷ್ಯನನ್ನು ಕೆತ್ತಿ, ಕೈಗೊಂದು ಸೌಟು ಕೊಟ್ಟ. ಹಡಗಿನ ಹೊಟ್ಟೆ ಹೇಗೂ ಪೊಳ್ಳು. ಒಳಗಿಟ್ಟು ಮೇಲಿನ ಹಲಗೆ ಅಂಟಿಸಿಬಿಟ್ಟರೆ ಅಲ್ಲಾನಾಣೆ ಯಾರಿಗೂ ಕಾಣದು. ಮೊದಲು ಒಂದರಲ್ಲಿ ಇಟ್ಟ. ಆಮೇಲೆ ಉಳಿದ ನಲವತ್ತೊಂಬತ್ತು ಕ್ಯಾಪ್ಟನ್ನರೂ ಉಪವಾಸ ಬೀಳುತ್ತಾರಲ್ಲ ಎನ್ನಿಸಿ, ಎಲ್ಲದರಲ್ಲೂ ಇಟ್ಟ.

ನವೆಂಬರಿನಲ್ಲಿ ಕಮಾಂಡರ್ ಬಂದರು. ನಕ್ಷೆ ಬಿಡಿಸಿ, ಮೊದಲ ನಂಬರಿನ ಹಡಗನ್ನು ಎತ್ತಿ ವಾಲಿಸಿದರು. ಒಳಗೆ ಲೊಟಕ್ಕೆಂದಿತು. ಎರಡನೆಯದನ್ನು ಎತ್ತಿದರು. ಲೊಟಕ್.

"ಒಳಗೇನಿದೆ?"

ಎಡವಿದ್ದೆಲ್ಲಿ ಎಂದು ಮುಸವ್ವಿರನಿಗೆ ಆಗ ತಿಳಿಯಿತು. ಅಲ್ಲಾಡಿಸಿದಾಗ ಮಕ್ಕಳು ನಗಲಿ ಎಂದು ಪೊಳ್ಳು ಗೊಂಬೆಗಳೊಳಗೆ ಹುಣಿಸೆಬೀಜ ಸಡಿಲ ಬಿಟ್ಟು ಮುಚ್ಚುವುದು ಅವನ ತಾತನ ಕಾಲದಿಂದ ಮನೆಯ ರೂಢಿ. ಐವತ್ತು ತಮ್ಮಯ್ಯರನ್ನೂ ಕೈ ಅದೇ ರೂಢಿಯಲ್ಲಿ ಅಂಟು ಹಾಕದೆ ಬಿಟ್ಟಿತ್ತು! ಮರದ ಚೂರು ಎಂದು ಸುಳ್ಳು ಹೇಳಬಹುದಿತ್ತು. ಆ ಮನುಷ್ಯನನ್ನು ಚೂರು ಎನ್ನಲು ನಾಲಿಗೆ ಏಳಲಿಲ್ಲ.

"ಅಡಿಗೆಯವ್ರು ಸಾರ್. ತಮ್ಮಯ್ಯ ಅಂತ. ಕಿಕ್ಕೇರಿಯೋರು."

ನಡೆದದ್ದನ್ನೆಲ್ಲ ಹೇಳಿದ. ಕಮಾಂಡರ್ ಇನ್ನೆರಡು ಹಡಗನ್ನು ಎತ್ತಿ ಕಿವಿಗೆ ಹಿಡಿದರು.

"ಐವತ್ತರಲ್ಲೂ ಇದ್ದಾರಾ?"

"ಊಂ ಸಾರ್. ತೆಗೀಬೇಕು ಅಂದ್ರೆ ಹಲಗೆ ಒಡೀಬೇಕು."

ಕಮಾಂಡರ್ ಕೈಲಿದ್ದ ಹಡಗನ್ನು ಮೆಲ್ಲಗೆ ಕೆಳಗಿಟ್ಟರು. "ಆ ಹಡಗಿನ ಕೆಳ ಅಂತಸ್ತಿನಲ್ಲಿದ್ದವರು ಒಬ್ಬರೂ ಮೇಲೆ ಬರಲಿಲ್ಲಪ್ಪ. ಅವರನ್ನು ನಕ್ಷೆಯಲ್ಲಿ ಹಾಕಬೇಕು ಅಂತ ನಮಗೇ ಹೊಳೆಯಲಿಲ್ಲ" ಎಂದು ನಕ್ಷೆ ಸುತ್ತಿದರು. ಮೊದಲ ನಂಬರಿನದನ್ನು ಬದಿಗೆ ಸರಿಸಿದರು. "ಇದು ನನ್ನ ಪಾಲಿನದು. ಆ ತಾಯಿಗೆ ಕೊಡು."

ಮುಂದಿನ ವಾರ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಹೇಳಿಕಳಿಸಿದ್ದಕ್ಕೆ ಬಂದಿದ್ದ ಬೆಟ್ಟಮ್ಮ ಹಡಗನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಮುಸವ್ವಿರ್ ಕೆಳಗೆ ನಿಂತಿದ್ದ. ಕಂಡಕ್ಟರು ಬಂದ.

"ಕಿಕ್ಕೇರಿ, ಎರಡು ಕೊಡಪ್ಪ."

"ಇನ್ನೊಬ್ರು ಎಲ್ಲವ್ರಮ್ಮ?"

ಬೆಟ್ಟಮ್ಮ ಹಡಗನ್ನು ಮೆಲ್ಲಗೆ ಅಲ್ಲಾಡಿಸಿದಳು.

"ಇಲ್ಲೇ ಅವ್ರೆ ಕಣಪ್ಪ. ಇಪ್ಪತ್ತೈದು ವರ್ಸ ಆದ್ಮೇಲೆ ಊರಿಗೆ ಬರ್ತಾವ್ರೆ."

ಕಂಡಕ್ಟರು ಅವಳ ಮುಖ ನೋಡಿದ, ಹಡಗು ನೋಡಿದ. ಎರಡು ಟಿಕೆಟ್ ಹರಿದು ಕೊಟ್ಟ.