ನಾನು ನಿಂತದ್ದೇ ಗಡಿ

ನಾನು ಒಂದು ಬಾಂದುಕಲ್ಲು. ಜಾಗದ ಎಲ್ಲೆ ತೋರಿಸಲು ಸರ್ವೆಯವರು ನೆಡುತ್ತಾರಲ್ಲ, ಆ ಜಾತಿ. ಕ್ವಾರಿಯಲ್ಲಿ ದೊಡ್ಡ ಬಂಡೆಯೊಂದರಿಂದ ನನ್ನನ್ನು ಸೀಳಿ ತೆಗೆದರು. ಹುಟ್ಟಿದೆನೆಂದು ಗೊತ್ತಾಗುವ ಮೊದಲೇ ತಲೆಯ ಮೇಲೆ ಎರಡು ಗೆರೆ ಕೊರೆದು ಗಾಡಿಗೆ ಹಾಕಿದರು. ಹಳ್ಳದ ದಡದಲ್ಲಿ ಅರ್ಧ ಹೂತು, ಇಲ್ಲಿಂದಾಚೆ ಹಳ್ಳದ್ದು, ಈಚೆ ಊರಿನದು ಎಂದು ಹೇಳಿ ಹೊರಟುಹೋದರು. ಒಂದು ಕಡೆ ನಿಲ್ಲದ ಹಳ್ಳಕ್ಕೆ ಸ್ವಂತ ಜಾಗ ಯಾಕೆ ಬೇಕು? ನನ್ನ ಗೊಂದಲ ಶುರುವಾದದ್ದೇ ಅಲ್ಲಿಂದ.

ಬರಬರುತ್ತಾ ನನ್ನ ಬೆನ್ನ ಹಿಂದೆ ಒಂದು ಓಣಿ ಬೆಳೆಯಿತು. ಅದರ ಕೊನೆಯ ಮನೆ ಬಾಳಪ್ಪ ಮತ್ತು ಅವನ ಹೆಂಡತಿ ಫಕೀರವ್ವನದು. ಪಕ್ಕದಲ್ಲಿ ಹಳ್ಳದುದ್ದಕ್ಕೂ ಖಾಲಿ ಜಾಗ. ಫಕೀರವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಇದ್ದ ಒಂದೇ ಕೋಣೆಯಲ್ಲಿ ಒಲೆ, ಹಾಸಿಗೆ ಎಲ್ಲವೂ. ಮನೆಯ ಹಿಂದೆ ಅಡುಗೆಮನೆ ಕಟ್ಟೋಣವೆಂದರೆ ನಾನು ಅಡ್ಡ ನಿಂತಿದ್ದೆ.

ಒಂದು ಬೆಳಗ್ಗೆ ಬಾಳಪ್ಪ ಓಣಿಯ ಗಂಡಸರನ್ನು ಕರೆತಂದ. ಪಕ್ಕದ ಮನೆಯ ದ್ಯಾಮಣ್ಣ ಹಾರೆ ಹಾಕಿ ಎಬ್ಬಿಸಿದ, ಉಳಿದವರು ಎತ್ತಿದರು. ನೀರಿನ ಹತ್ತಿರಕ್ಕೆ ಒಯ್ದು ನನ್ನನ್ನು ಮತ್ತೆ ನೆಟ್ಟರು. ಕದ್ದುಮುಚ್ಚಿ ಏನೂ ಇಲ್ಲ, ಫಕೀರವ್ವ ಎಲ್ಲರಿಗೂ ಚಹಾ ಕೊಟ್ಟಳು. ನಾನಿದ್ದ ಗುಂಡಿಯ ಮೇಲೆ ಅವಳ ಹೊಸ ಒಲೆ ಬಂತು. ಎಲ್ಲೆ ಎಂದರೆ ಆ ನೆಲವೋ ಅಥವಾ ನಾನೋ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು.

ಬಾಳಪ್ಪ ತೀರಿಕೊಂಡ. ಫಕೀರವ್ವನ ಹೊಟ್ಟೆಪಾಡು ಆ ಒಲೆಯಿಂದಲೇ ನಡೆಯಿತು. ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ನೀರು ಖಾಲಿ ಜಾಗದಲ್ಲಿ ಹರಡಿಕೊಂಡು ಇಂಗುತ್ತಿತ್ತು, ಓಣಿಗೆ ಬರುತ್ತಿರಲಿಲ್ಲ.

ಈಗ್ಗೆ ಕೆಲವು ವರ್ಷಗಳ ಹಿಂದೆ ಮಲ್ಲೇಶಪ್ಪ ಎಂಬ ಸಾವಕಾರ ಆ ಖಾಲಿ ಜಾಗ ಕೊಂಡ. ಮಣ್ಣು ತುಂಬಿ ಎತ್ತರಿಸಿ, ಪ್ಲಾಟು ಹಾಕಿ ಮಾರುವುದು ಅವನ ಲೆಕ್ಕಾಚಾರ. ಪರವಾನಗಿ ಕೊಡಬಹುದೇ ಎಂದು ನೋಡಲು ಸಾಹೇಬರೊಬ್ಬರು ಬಂದರು. ಟೇಪಿನ ತುದಿಯನ್ನು ನನ್ನ ಮೇಲಿಟ್ಟು ಅಳೆಸಿದರು. ಓಣಿಯೆಲ್ಲ ಬಂದು ಸುತ್ತ ನಿಂತಿತು.

"ಮಣ್ಣ ಏರಿಸಿದ್ರ ನೀರೆಲ್ಲಾ ನಮ್ಮ ಮನ್ಯಾಗ ಬರತೈತ್ರಿ ಸಾಹೇಬ್ರ" ಎಂದ ದ್ಯಾಮಣ್ಣ.

"ಹಳ್ಳದ ಗಡಿಯಿಂದ ಬಿಡಬೇಕಾದಷ್ಟು ಜಾಗ ಬಿಟ್ಟಾರಲ್ಲಪಾ. ನಾ ಹೆಂಗ ಬ್ಯಾಡ ಅನ್ಲಿ? ಈ ಕಲ್ಲ ಮೊದಲಿಂದ ಇಲ್ಲೇ ಐತೇನು?"

ಎಲ್ಲರೂ ಮುಗಿಲು ನೋಡತೊಡಗಿದರು. ನಿಜ ಹೇಳಿದರೆ ಗಡಿ ಓಣಿಯ ಕಡೆ ಸರಿದು, ಬಿಡಬೇಕಾದ ಜಾಗದಲ್ಲೇ ಸಾವಕಾರನ ಪ್ಲಾಟುಗಳು ಹೋಗುತ್ತಿದ್ದವು, ಓಣಿ ಉಳಿಯುತ್ತಿತ್ತು. ಆದರೆ ಫಕೀರವ್ವನ ಅಡುಗೆಮನೆಯೂ ಹಳ್ಳದ ಪಾಲಾಗುತ್ತಿತ್ತು. ನನ್ನನ್ನು ಕಿತ್ತ ದ್ಯಾಮಣ್ಣನೇ ಗಂಟಲು ಸರಿಮಾಡಿಕೊಂಡು, "ನಾವು ನೋಡಿದಾಗಿಂದ ಇಲ್ಲೇ ಐತ್ರಿ" ಎಂದುಬಿಟ್ಟ. ಇವನು ಸುಳ್ಳನೋ ಒಳ್ಳೆಯವನೋ ನನಗೆ ಬಗೆಹರಿಯಲಿಲ್ಲ.

ಫಕೀರವ್ವ ಹಿಟ್ಟಿನ ಕೈಯಲ್ಲೇ ಮುಂದೆ ಬಂದಳು. "ಇಲ್ಲಿದ್ದಿಲ್ರಿ ಸಾಹೇಬ್ರ. ಅಡಗಿಮನಿ ಕಟ್ಟೂಮುಂದ ನಮ್ಮನಿಯವರು ಸರಿಸಿದ್ರು. ಬರ್ರಿ, ತೋರಸ್ತೀನಿ."

"ಅಕ್ಕಾ, ಸುಮ್ನಿರು. ನಿನ್ನ ಒಲಿ ಹೋಗತೈತಿ" ಎಂದು ದ್ಯಾಮಣ್ಣ ಅಡ್ಡ ಬಂದ.

"ಹೇಳಿದ್ರ ನನ್ನ ಒಲಿ ಒಂದ ಹೋಗತೈತಿ. ಹೇಳದಿದ್ರ ಓಣ್ಯಾಗಿನ ಒಲಿ ಎಲ್ಲಾ ಆರತಾವು."

ಸಾಹೇಬರು ಟೇಪು ಸುತ್ತುತ್ತಾ ಅವಳ ಮುಖ ನೋಡಿದರು. "ವಿಚಾರ ಮಾಡಿ ಹೇಳ್ರಿ ತಾಯಿ. ಹೇಳಿದ ಮ್ಯಾಲ ನಾ ಬರೀಬೇಕಾಗತೈತಿ."

"ಬರೀರಿ" ಎಂದಳು ಫಕೀರವ್ವ.

ಮೊದಲಿನ ಜಾಗದಿಂದ ಮತ್ತೆ ಅಳೆದರು. ಮಲ್ಲೇಶಪ್ಪನಿಗೆ ಪರವಾನಗಿ ಸಿಗಲಿಲ್ಲ. ಅಡುಗೆಮನೆ ಕೆಡವಲು ಬೇರೆಯವರು ಬರುವುದು ಬೇಡವೆಂದು ಓಣಿಯವರೇ ಹೆಂಚು ಇಳಿಸಿದರು. ದ್ಯಾಮಣ್ಣ ಒಲೆಯನ್ನು ಒಡೆಯಲಾರದೆ ಅತ್ತುಬಿಟ್ಟ. ಕೊನೆಗೆ ಅವಳೇ ಒಡೆದಳು. ಅದರಡಿಯ ನನ್ನ ಹಳೆಯ ಗುಂಡಿಯಲ್ಲಿ ನನ್ನನ್ನು ತಂದು ನಿಲ್ಲಿಸಿದರು. ಆ ವರ್ಷ ಹಳ್ಳ ಉಕ್ಕಿ ಖಾಲಿ ಜಾಗ ತುಂಬಿತು, ಯಾರ ಮನೆಗೂ ನೀರು ನುಗ್ಗಲಿಲ್ಲ.

ಈಗ ನಾನು ಹಳಬ. ತಲೆಯ ಗೆರೆಗಳು ಸವೆದಿವೆ. ಫಕೀರವ್ವ ಮುಂದಿನ ಕೋಣೆಯಲ್ಲೇ ರೊಟ್ಟಿ ಬಡಿಯುತ್ತಾಳೆ. ಅಲ್ಲಿ ಇಕ್ಕಟ್ಟು, ಮೊದಲಿನ ಅರ್ಧದಷ್ಟು ರೊಟ್ಟಿಯೂ ಆಗುವುದಿಲ್ಲ. ಎಷ್ಟೋ ಸಲ ಬೆಳಗ್ಗೆ ಹಿಟ್ಟಿನ ಪರಾತ ಹಿಡಿದು ಹಿಂಬಾಗಿಲು ದಾಟಿ ಬಂದುಬಿಡುತ್ತಾಳೆ. ನನ್ನನ್ನು ಕಂಡು ಗಕ್ಕನೆ ನಿಲ್ಲುತ್ತಾಳೆ. "ಅಯ್ಯ ನನ್ನ ಶಿವನ, ಮರತ ಬಿಟ್ಟಿದ್ದೆ" ಎಂದು ತನ್ನಷ್ಟಕ್ಕೆ ನಕ್ಕು ಒಳಗೆ ಹೋಗುತ್ತಾಳೆ.

ನನ್ನ ಸರಿಯಾದ ಜಾಗ ಇದೇ ಎಂದು ಸಾಹೇಬರು ಹೇಳಿದ್ದಾರೆ, ಇರಬೇಕು. ಆದರೂ ಅವಳು ಹಾಗೆ ತಿರುಗಿ ಹೋಗುವಾಗ, ಯಾರಾದರೂ ಬಂದು ನನ್ನನ್ನು ಕಿತ್ತು ತುಸು ಆಚೆ ಇಡಬಾರದೇ ಅನ್ನಿಸುತ್ತದೆ.